ಕಿಡ್ನಿ ಕಸಿಗೆ ಹೊರದೇಶ: ಟಿಕೆಟ್ ತೆಗೆಸುವ ಮೊದಲು ತಿಳಿಯಬೇಕಾದದ್ದು

ಡಯಾಲಿಸಿಸ್ ಸೆಂಟರಿನ ಹೊರಗಿನ ಬೆಂಚಿನ ಮೇಲೆ ಅರ್ಧ ಗಂಟೆ ಕೂತರೆ ಸಾಕು, ಈ ಮಾತು ಕಿವಿಗೆ ಬೀಳುತ್ತದೆ: "ಇಲ್ಲಿ ಸುಮ್ನೆ ಯಾಕೆ ಕಾಯ್ತೀರಿ? ಹೊರದೇಶದಲ್ಲಿ ಬೇಗ ಆಗುತ್ತಂತೆ." ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ವಾರಕ್ಕೆ ಮೂರು ದಿನ, ಒಂದೊಂದು ಸಲ ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗುವವರ ಮನೆಯಲ್ಲಿ "ಬೇಗ" ಅನ್ನುವ ಮಾತಿಗೆ ಎಷ್ಟು ತೂಕ ಇರುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು. ಇತ್ತ ದುಬೈ, ಮಸ್ಕತ್, ಅಮೆರಿಕದಲ್ಲಿರುವ ಕನ್ನಡಿಗರು ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಾರೆ: "ಊರಿಗೇ ಬಂದು ಮಾಡಿಸಿಕೊಳ್ಳಬಹುದಾ?"

ಇಬ್ಬರೂ ಆಸ್ಪತ್ರೆಯ ಹೆಸರಿನಿಂದ ಹುಡುಕಾಟ ಶುರು ಮಾಡುತ್ತಾರೆ. ನಿಜವಾಗಿ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು. ಕಿಡ್ನಿ ಯಾರದ್ದು? ಆಪರೇಷನ್ ಆದ ಮೇಲೆ ವರ್ಷಗಟ್ಟಲೆ ನೋಡಿಕೊಳ್ಳುವವರು ಯಾರು? ಇವೆರಡಕ್ಕೆ ಉತ್ತರ ಸಿಕ್ಕಿದರೆ ಯಾವ ದೇಶ ಅನ್ನುವುದು ಹೆಚ್ಚುಕಡಿಮೆ ತಾನಾಗಿಯೇ ತೀರ್ಮಾನವಾಗುತ್ತದೆ.

## ಕ್ರಿಯಾಟಿನಿನ್ ಏರಿದೆ ಅಂದರೆ ಏನು?

ನಮ್ಮ ಸ್ನಾಯುಗಳು ಕೆಲಸ ಮಾಡುವಾಗ ಹುಟ್ಟುವ ಕಸಗಳಲ್ಲಿ ಒಂದು ಕ್ರಿಯಾಟಿನಿನ್. ಕಿಡ್ನಿ ಅದನ್ನು ರಕ್ತದಿಂದ ಸೋಸಿ ಮೂತ್ರದ ಜೊತೆ ಹೊರಗೆ ಹಾಕುತ್ತದೆ. ಬಚ್ಚಲಿನ ಕಿಂಡಿ ಕಟ್ಟಿಕೊಂಡರೆ ನೀರು ಮೇಲೇರುತ್ತದೆ ಅಲ್ವಾ? ಕಿಡ್ನಿ ಸೋಸುವುದು ಕಡಿಮೆಯಾದಾಗ ರಕ್ತದಲ್ಲಿ ಕ್ರಿಯಾಟಿನಿನ್ ಏರುವುದೂ ಹಾಗೆಯೇ. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ ಒಂದು ಡೆಸಿಲೀಟರ್ ರಕ್ತಕ್ಕೆ 1 ಮಿಲಿಗ್ರಾಂ (mg/dL) ಆಸುಪಾಸು ಇರುತ್ತದೆ.

ರಿಪೋರ್ಟಿನಲ್ಲಿ ಇದರ ಪಕ್ಕದಲ್ಲೇ ಇಜಿಎಫ್‌ಆರ್ ಎಂಬ ಇನ್ನೊಂದು ಅಂಕಿ ಇರುತ್ತದೆ. ಕಿಡ್ನಿ ಒಂದು ನಿಮಿಷಕ್ಕೆ ಎಷ್ಟು ಸೋಸುತ್ತಿದೆ ಎಂಬ ಅಂದಾಜು ಅದು. ಒರಟು ಲೆಕ್ಕಕ್ಕೆ ಅದನ್ನು "ಕಿಡ್ನಿ ನೂರಕ್ಕೆ ಇಷ್ಟು ಉಳಿದಿದೆ" ಎಂದು ಓದಿಕೊಳ್ಳಬಹುದು. 15ಕ್ಕಿಂತ ಕೆಳಗಿಳಿದರೆ ಕೊನೆಯ ಹಂತ. ಆ ಹಂತದಲ್ಲಿ ಹೆಚ್ಚಿನವರಿಗೆ ಇಂದಲ್ಲ ನಾಳೆ ಡಯಾಲಿಸಿಸ್ ಅಥವಾ ಕಸಿ ಬೇಕಾಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಸಿ ಮಾಡಿಸಲು ಮೊದಲು ಡಯಾಲಿಸಿಸ್ ಶುರುವಾಗಲೇಬೇಕು ಅಂತೇನಿಲ್ಲ. ಮನೆಯಲ್ಲೇ ದಾನಿ ಇದ್ದರೆ, ಇಜಿಎಫ್‌ಆರ್ 20ರ ಹತ್ತಿರ ಬರುವಾಗಲೇ ಪರೀಕ್ಷೆಗಳನ್ನು ಶುರು ಮಾಡಬಹುದು. "ಇನ್ನೂ ಸ್ವಲ್ಪ ದಿನ ನೋಡೋಣ" ಎಂದು ಕಾದು, ಒಂದು ರಾತ್ರಿ ಉಸಿರು ಕಟ್ಟಿ ಎಮರ್ಜೆನ್ಸಿಗೆ ಓಡುವ ಕುಟುಂಬಗಳು ತುಂಬಾ ಇವೆ. ಹೊರದೇಶದ ಯೋಚನೆ ಬರುವುದೂ ಸಾಮಾನ್ಯವಾಗಿ ಆ ಗಾಬರಿಯಲ್ಲೇ.

## ಮಾವಿನ ಕಸಿಗೂ ಇದಕ್ಕೂ ಇರುವ ವ್ಯತ್ಯಾಸ

ಕಸಿ ಎಂಬ ಮಾತು ನಮಗೆ ತೋಟದಿಂದ ಬಂದದ್ದು. ನಾಟಿ ಮಾವಿನ ಗಿಡಕ್ಕೆ ಬಾದಾಮಿ ಅಥವಾ ಮಲ್ಲಿಕಾ ಕಡ್ಡಿ ಕಟ್ಟಿದರೆ ಎರಡೂ ಕೂಡಿಕೊಂಡು ಬೆಳೆಯುತ್ತವೆ. ಆಪರೇಷನ್ ಕೂಡ ಕೇಳುವುದಕ್ಕೆ ಅಷ್ಟೇ ಸರಳ. ಹೊಸ ಕಿಡ್ನಿಯನ್ನು ಹೊಟ್ಟೆಯ ಕೆಳಭಾಗದಲ್ಲಿ, ಸೊಂಟದ ಮೂಳೆಯ ಹತ್ತಿರ ಒಂದು ಬದಿಗೆ ಕೂರಿಸುತ್ತಾರೆ. ಅದರ ರಕ್ತನಾಳಗಳನ್ನು ಕಾಲಿನ ಕಡೆ ಹೋಗುವ ನಾಳಗಳಿಗೆ ಜೋಡಿಸುತ್ತಾರೆ. ಮೂತ್ರದ ಕೊಳವೆಯನ್ನು ಮೂತ್ರಕೋಶಕ್ಕೆ ಹೊಲಿಯುತ್ತಾರೆ. ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ, ಇದ್ದಲ್ಲೇ ಬಿಡುತ್ತಾರೆ. ಎಲ್ಲ ಸೇರಿ ಮೂರು ನಾಲ್ಕು ಗಂಟೆಯ ಕೆಲಸ.

ಕಷ್ಟ ಇರುವುದು ಮುಂದೆ. ಮಾವಿನ ಮರ ಹೊಸ ಕಡ್ಡಿಯನ್ನು ಸುಮ್ಮನೆ ಒಪ್ಪಿಕೊಳ್ಳುತ್ತದೆ. ನಮ್ಮ ದೇಹ ಒಪ್ಪುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆ ಮನೆ ಕಾಯುವ ನಾಯಿಯ ಹಾಗೆ. ನಾವೇ ಕರೆದ ನೆಂಟರು ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಮೇಲೆ ಬೀಳುತ್ತದೆ. ಹೊಸ ಕಿಡ್ನಿಯ ಮೇಲೆ ಹೀಗೆ ನಡೆಯುವ ದಾಳಿಗೇ ರಿಜೆಕ್ಷನ್ ಅನ್ನುತ್ತಾರೆ.

1954ರ ಡಿಸೆಂಬರ್‌ನಲ್ಲಿ ಬೋಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮತ್ತು ಅವರ ತಂಡ ಮಾಡಿದ ಕಿಡ್ನಿ ಕಸಿ ಯಶಸ್ವಿಯಾದದ್ದಕ್ಕೆ ಕಾರಣ, ಕೊಟ್ಟವರೂ ಪಡೆದವರೂ ತದ್ರೂಪ ಅವಳಿಗಳು. ನಾಯಿಗೆ ಇಬ್ಬರ ವಾಸನೆಯೂ ಒಂದೇ. ಅವಳಿ ಇಲ್ಲದವರಿಗೆ ದಾರಿ ಅಗಲವಾದದ್ದು 1980ರ ದಶಕದಲ್ಲಿ, ಸೈಕ್ಲೊಸ್ಪೊರಿನ್ ಎಂಬ ಔಷಧಿ ಬಂದ ಮೇಲೆ. ಅದು ಕಾವಲು ನಾಯಿಗೆ ಮಂಪರು ಬರಿಸುವ ಔಷಧಿ. ಈಗ ಹೆಚ್ಚಾಗಿ ಟ್ಯಾಕ್ರೊಲಿಮಸ್ ಕೊಡುತ್ತಾರೆ. ಭಾರತದಲ್ಲಿ ಯಶಸ್ವಿ ಕಿಡ್ನಿ ಕಸಿ ಶುರುವಾದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಅಂದರೆ ಈ ಕೆಲಸದಲ್ಲಿ ನಮ್ಮವರಿಗೆ ಅರ್ಧ ಶತಮಾನದ ಕೈಪಳಗು ಇದೆ. ಬಾಂಗ್ಲಾದೇಶದಿಂದ, ಕೊಲ್ಲಿಯಿಂದ, ಆಫ್ರಿಕಾದಿಂದ ರೋಗಿಗಳು ಇಲ್ಲಿಗೆ ಬರುವುದು ಅದಕ್ಕೇ.

## "ಮ್ಯಾಚ್ ಆಗುತ್ತಾ?"

ಮೊದಲನೆಯದು ರಕ್ತದ ಗುಂಪು. ಓ ಗುಂಪಿನವರು ಯಾರಿಗೆ ಬೇಕಾದರೂ ಕೊಡಬಹುದು, ಎಬಿ ಗುಂಪಿನವರು ಯಾರಿಂದ ಬೇಕಾದರೂ ಪಡೆಯಬಹುದು. ಗುಂಪು ಹೊಂದದಿದ್ದರೂ ಕಸಿ ಮಾಡುವ ವಿಧಾನ ಈಗ ಇದೆ. ಆದರೆ ಖರ್ಚೂ ಜಾಸ್ತಿ, ಅಪಾಯವೂ ಜಾಸ್ತಿ.

ಎರಡನೆಯದು ಎಚ್‌ಎಲ್‌ಎ. ಜೀವಕೋಶಗಳ ಮೇಲಿರುವ ಮನೆತನದ ಗುರುತು ಇದು. ಅರ್ಧ ಅಮ್ಮನಿಂದ, ಅರ್ಧ ಅಪ್ಪನಿಂದ ಬರುತ್ತದೆ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಹೊಂದುವುದು ಎರಡರಲ್ಲಿ ಒಂದು. ಗುರುತು ಪೂರ್ತಿ ಹೊಂದದಿದ್ದರೂ ಕಸಿ ನಡೆಯುತ್ತದೆ. ಗಂಡ ಹೆಂಡತಿ ನಡುವೆ ಇಷ್ಟೊಂದು ಕಸಿಗಳು ನಡೆಯುತ್ತಿವೆಯಲ್ಲ, ಅವರಿಗೇನು ರಕ್ತಸಂಬಂಧ?

ಮೂರನೆಯದು ಕ್ರಾಸ್‌ಮ್ಯಾಚ್, ಎಲ್ಲಕ್ಕಿಂತ ನಿರ್ಣಾಯಕ. ದಾನಿಯ ಜೀವಕೋಶಗಳನ್ನು ರೋಗಿಯ ರಕ್ತದ ಸೀರಮ್ ಜೊತೆ ಸೇರಿಸಿ ನೋಡುತ್ತಾರೆ. ಅಲ್ಲೇ ಜಗಳ ಶುರುವಾದರೆ ಆ ಜೋಡಿ ಸಾಮಾನ್ಯವಾಗಿ ಬೇಡ. ಹಿಂದೆ ರಕ್ತ ಹಾಕಿಸಿಕೊಂಡವರಲ್ಲಿ ಮತ್ತು ಬಸುರಾಗಿ ಹೆತ್ತವರಲ್ಲಿ ಇಂಥ ವಿರೋಧ ಮೊದಲೇ ತಯಾರಾಗಿರಬಹುದು. ಎಷ್ಟೋ ಸಲ ಗಂಡ ಕೊಡಲು ಸಿದ್ಧನಿದ್ದರೂ ಹೆಂಡತಿಯ ದೇಹ ಒಪ್ಪದಿರುವುದು ಇದೇ ಕಾರಣಕ್ಕೆ. ಅವನ ಮಕ್ಕಳನ್ನು ಹೊತ್ತಾಗ ಅವನ ಗುರುತಿನ ವಿರುದ್ಧ ಅವಳ ರಕ್ತ ಎಚ್ಚರವಾಗಿರುತ್ತದೆ. ಹಾಗಾಗಿ ಕಸಿಯ ಯೋಚನೆ ಇರುವವರು "ಸುಸ್ತು ಅಂತ ಒಂದು ಬಾಟಲ್ ರಕ್ತ ಹಾಕಿಸೋಣ" ಎಂದು ಹೊರಡುವ ಮೊದಲು ಕಿಡ್ನಿ ಡಾಕ್ಟರನ್ನು ಕೇಳುವುದು ಒಳ್ಳೆಯದು.

ಜೋಡಿ ಹೊಂದದಿದ್ದರೆ ಸ್ವಾಪ್ ಎಂಬ ದಾರಿ ಇದೆ. ನಿಮ್ಮ ಮನೆಯ ದಾನಿ ಅವರ ರೋಗಿಗೆ, ಅವರ ಮನೆಯ ದಾನಿ ನಿಮ್ಮ ರೋಗಿಗೆ. ನಮ್ಮ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿಯಿಂದ ಇದಕ್ಕೆ ಕಾನೂನಿನಲ್ಲೇ ಜಾಗ ಸಿಕ್ಕಿದೆ. ದಾನಿ ಹೊಂದಲಿಲ್ಲ ಎಂದ ತಕ್ಷಣ ಹೊರದೇಶದ ಕಡೆ ನೋಡುವವರು ಈ ಬಾಗಿಲು ತಟ್ಟಿದ್ದಾರೋ ಇಲ್ಲವೋ ಎಂದು ನಾನು ಮೊದಲು ಕೇಳುತ್ತೇನೆ.

## ಕಿಡ್ನಿ ಬರುವ ಎರಡು ದಾರಿಗಳು

ಒಂದು, ಬದುಕಿರುವ ದಾನಿ. ಒಂದು ಕಿಡ್ನಿಯಿಂದ ಆರೋಗ್ಯವಾಗಿ ಬದುಕಬಹುದು. ದಾನಿಯ ಆಪರೇಷನ್‌ನಲ್ಲಿ ಜೀವಕ್ಕೆ ಅಪಾಯ ತುಂಬಾ ಕಡಿಮೆ, ಸುಮಾರು 10,000 ಜನರಲ್ಲಿ ಮೂವರಿಗೆ. ಕಡಿಮೆ, ಆದರೆ ಸೊನ್ನೆ ಅಲ್ಲ. ನಮ್ಮ ದೇಶದಲ್ಲಿ ಹೀಗೆ ಕೊಡುವವರಲ್ಲಿ ಹೆಂಗಸರೇ ಜಾಸ್ತಿ, ಪಡೆಯುವವರಲ್ಲಿ ಗಂಡಸರೇ ಜಾಸ್ತಿ. ದಾನಿ ಹೆಂಗಸಾದರೆ ಅವರ ಒಪ್ಪಿಗೆಯನ್ನು ರೋಗಿಯಲ್ಲದ ಬೇರೊಬ್ಬರ ಮೂಲಕ ಖಚಿತ ಮಾಡಿಕೊಳ್ಳಬೇಕೆಂದು ಅದೇ ಕಾಯ್ದೆಯ 2014ರ ನಿಯಮಗಳೇ ಹೇಳುತ್ತವೆ. ಇದನ್ನು ಕಾಗದದ ಕೆಲಸ ಎಂದು ಬೇಸರ ಮಾಡಿಕೊಳ್ಳಬೇಡಿ. ಮನೆಯೊಳಗಿನ ಒತ್ತಡ ಎಂಥದ್ದು ಅಂತ ನಮಗೆಲ್ಲ ಗೊತ್ತಿದೆ.

ಎರಡು, ಮೆದುಳು ನಿಷ್ಕ್ರಿಯವಾದವರಿಂದ ಬರುವ ಅಂಗ. ಅಪಘಾತದಲ್ಲೋ ರಕ್ತಸ್ರಾವದಲ್ಲೋ ಮೆದುಳು ಮತ್ತೆ ಬಾರದಂತೆ ನಿಂತುಹೋಗಿರುತ್ತದೆ. ವೆಂಟಿಲೇಟರ್ ಇರುವುದರಿಂದ ಹೃದಯ ಸ್ವಲ್ಪ ಕಾಲ ಬಡಿಯುತ್ತಿರುತ್ತದೆ. ನಾಲ್ವರು ಡಾಕ್ಟರ್‌ಗಳ ತಂಡ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಇದನ್ನು ಖಚಿತಪಡಿಸಬೇಕು. ಕೋಮಾ ಬೇರೆ, ಇದು ಬೇರೆ. ಕೋಮಾದಿಂದ ಹಿಂದೆ ಬಂದವರಿದ್ದಾರೆ, ಇದರಿಂದ ಯಾರೂ ಬರುವುದಿಲ್ಲ. 2021ರ ಜೂನ್‌ನಲ್ಲಿ ಬೈಕ್ ಅಪಘಾತದ ನಂತರ ನಟ ಸಂಚಾರಿ ವಿಜಯ್ ಅವರ ಮೆದುಳು ಹೀಗೆ ನಿಂತಾಗ, ಮನೆಯವರು ಅವರ ಅಂಗಗಳನ್ನು ದಾನ ಮಾಡಿದರು. ಆ ದುಃಖದ ಹೊತ್ತಿನಲ್ಲಿ ಹೂಂ ಅನ್ನುವುದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು!

ಹೀಗೆ ಬಂದ ಅಂಗಕ್ಕೆ ಗಡಿಯಾರ ಓಡುತ್ತಿರುತ್ತದೆ. ಹೃದಯಕ್ಕೆ 4ರಿಂದ 6 ಗಂಟೆ, ಲಿವರ್‌ಗೆ ಸುಮಾರು 12 ಗಂಟೆ, ಕಿಡ್ನಿಗೆ ಒಂದು ದಿನ, ಒಂದೂವರೆ ದಿನ. ಬೆಂಗಳೂರಿನ ರಸ್ತೆಗಳಲ್ಲಿ ಪೊಲೀಸರು ಗ್ರೀನ್ ಕಾರಿಡಾರ್ ಮಾಡುವುದು ಈ ಗಡಿಯಾರಕ್ಕಾಗಿ. ಅಂಗವನ್ನು ಮೊದಲು ಹತ್ತಿರದವರಿಗೆ, ಆಮೇಲೆ ದೂರದವರಿಗೆ ಹಂಚುವುದರ ಹಿಂದೆಯೂ ಇದೇ ಲೆಕ್ಕ ಇದೆ. ಕರ್ನಾಟಕದಲ್ಲಿ ಈ ಹಂಚಿಕೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಜೀವಸಾರ್ಥಕತೆ. ಕಸಿ ಮಾಡುವ ಆಸ್ಪತ್ರೆಯ ಮೂಲಕ ಅಲ್ಲಿ ಹೆಸರು ನೋಂದಾಯಿಸಬೇಕು. ಸ್ಪೇನ್‌ನಲ್ಲಿ ವರ್ಷಕ್ಕೆ ಪ್ರತಿ ಹತ್ತು ಲಕ್ಷ ಜನರಿಗೆ ಸುಮಾರು 50 ಇಂಥ ದಾನಿಗಳು ಸಿಗುತ್ತಾರೆ. ಭಾರತದಲ್ಲಿ ಒಬ್ಬರೂ ಪೂರ್ತಿ ಸಿಗುವುದಿಲ್ಲ. ನಮ್ಮ ಲಿಸ್ಟ್ ಉದ್ದವಾಗಿರುವುದು ಅದಕ್ಕೆ.

## ಹಾಗಾದರೆ ಸ್ಪೇನ್‌ಗೇ ಹೋಗಬಹುದಲ್ಲ?

ಎಲ್ಲರಿಗೂ ಬರುವ ಪ್ರಶ್ನೆ ಇದು. ಆದರೆ ಆ 50 ದಾನಿಗಳ ಅಂಗಗಳು ಅಲ್ಲಿನ ಸಮಾಜ ತನ್ನವರಿಗಾಗಿ ಕೊಟ್ಟದ್ದು. ಊರಿನ ಕೆರೆಯ ನೀರಿನ ಹಾಗೆ. ಹೆಚ್ಚುಕಡಿಮೆ ಎಲ್ಲ ದೇಶಗಳೂ ತಮ್ಮ ಪ್ರಜೆಗಳು ಮತ್ತು ಕಾಯಂ ವಾಸಿಗಳನ್ನು ಮೊದಲು ನೋಡುತ್ತವೆ. ಬ್ರಿಟನ್‌ನಲ್ಲಿ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಹಕ್ಕುಳ್ಳವರಿಗೆ ಆದ್ಯತೆ. ಅಮೆರಿಕದಲ್ಲಿ ಹೊರಗಿನವರ ಹೆಸರನ್ನು ಲಿಸ್ಟಿಗೆ ಸೇರಿಸಬಾರದು ಎಂಬ ನಿಯಮ ಇಲ್ಲ. ಆದರೆ ಅಲ್ಲೂ ಕಿಡ್ನಿಗೆ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಕಾಯಬೇಕು, ಮತ್ತು ಒಂದು ಕಸಿಯ ಒಟ್ಟು ಬಿಲ್ 4 ಲಕ್ಷ ಡಾಲರ್ ದಾಟುತ್ತದೆ.

ಇರಾನ್ ಬಗ್ಗೆ ಒಂದು ತಪ್ಪು ತಿಳುವಳಿಕೆ ಓಡಾಡುತ್ತಿದೆ. ಅಲ್ಲಿ ಕಿಡ್ನಿ ಕೊಟ್ಟವರಿಗೆ ಹಣ ಕೊಡುವುದು ಕಾನೂನುಬದ್ಧ ಅನ್ನುವುದು ನಿಜ. ಆದರೆ ಇರಾನಿಯೊಬ್ಬರ ಕಿಡ್ನಿ ವಿದೇಶಿಯರಿಗೆ ಕೊಡುವಂತಿಲ್ಲ. ಆ ವ್ಯವಸ್ಥೆ ಅವರ ದೇಶದವರಿಗೆ ಮಾತ್ರ.

ಉಳಿಯುವುದು ಒಂದೇ ಪ್ರಾಮಾಣಿಕ ದಾರಿ: ನಿಮ್ಮದೇ ಮನೆಯ ದಾನಿಯನ್ನು ಜೊತೆಗೆ ಕರೆದುಕೊಂಡು ಹೋಗುವುದು. ಮಕ್ಕಳು ಅಲ್ಲೇ ನೆಲೆಸಿದ್ದರೆ, ಅಲ್ಲಿನ ವಿಮೆ ಇದ್ದರೆ ಇದರಲ್ಲಿ ಅರ್ಥ ಇದೆ. ಇಲ್ಲವಾದರೆ ಅದೇ ದಾನಿ, ಅದೇ ಆಪರೇಷನ್, ಅವೇ ಮಾತ್ರೆಗಳು. ಬಿಲ್ ಮಾತ್ರ ಎಷ್ಟೋ ಪಟ್ಟು. ಬೆಂಗಳೂರಿನ ವಿಕ್ಟೋರಿಯಾ ಆವರಣದ ನೆಫ್ರೊ-ಯುರಾಲಜಿ ಸಂಸ್ಥೆಯಂಥ ಸರ್ಕಾರಿ ಜಾಗದಲ್ಲೂ ಕಿಡ್ನಿ ಕಸಿ ನಡೆಯುತ್ತದೆ. ಬಿಪಿಎಲ್ ಕುಟುಂಬಗಳಿಗೆ ಕಸಿಗಾಗಿ ರಾಜ್ಯ ಸರ್ಕಾರದ ನೆರವಿನ ಯೋಜನೆಯೂ ಇದೆ. ಜಮೀನು ಮಾರುವ ಮೊದಲು ಅದನ್ನು ವಿಚಾರಿಸಿ.

## ಹೊರಗಿರುವ ಕನ್ನಡಿಗರು ಊರಿಗೆ ಬಂದರೆ

ಇಲ್ಲಿ ಪಾಸ್‌ಪೋರ್ಟಿನ ಬಣ್ಣ ಮುಖ್ಯವಾಗುತ್ತದೆ. ಕೊಲ್ಲಿಯಲ್ಲಿ ಕೆಲಸ ಮಾಡುವ ಉಡುಪಿಯವರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ ಕಾನೂನಿನ ಕಣ್ಣಿಗೆ ಅವರು ಭಾರತೀಯರೇ. ಅಮೆರಿಕದ ಪ್ರಜೆಯಾಗಿ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಮಾತ್ರ ಇಟ್ಟುಕೊಂಡವರು ವಿದೇಶಿ ಪ್ರಜೆ. ಮನೆಯಲ್ಲಿ ಕನ್ನಡವೇ ಮಾತಾಡಿದರೂ ಇದು ಬದಲಾಗುವುದಿಲ್ಲ.

1994ರ ಮಾನವ ಅಂಗಾಂಗ ಕಸಿ ಕಾಯ್ದೆ "ಹತ್ತಿರದ ಸಂಬಂಧಿ" ಯಾರು ಎಂದು ಹೆಸರಿಟ್ಟು ಹೇಳುತ್ತದೆ. ಗಂಡ, ಹೆಂಡತಿ, ಅಪ್ಪ, ಅಮ್ಮ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ. 2011ರಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳೂ ಸೇರಿದರು. ಅಷ್ಟೇ.

ನಮ್ಮ ಮನೆಗಳಲ್ಲಿ ತೊಡಕು ಬರುವುದು ಇಲ್ಲೇ. ದೊಡ್ಡಪ್ಪನ ಮಗನನ್ನು ನಾವು ಅಣ್ಣ ಎಂದೇ ಕರೆಯುತ್ತೇವೆ. ಚಿಕ್ಕಮ್ಮನ ಮಗಳು ತಂಗಿ. ಸೋದರಮಾವನಂತೂ ಅಪ್ಪನಿಗೆ ಸಮ. ಆದರೆ ಕಾನೂನಿನ "ಅಣ್ಣ" ಅಂದರೆ ಒಡಹುಟ್ಟಿದ ಅಣ್ಣ. ದೊಡ್ಡಪ್ಪನ ಮಗ, ಸೋದರಮಾವ, ಭಾವ, ಸೊಸೆ, ಅಳಿಯ ಯಾರೂ ಆ ಪಟ್ಟಿಯಲ್ಲಿಲ್ಲ. ಇಬ್ಬರೂ ಭಾರತೀಯರಾಗಿದ್ದರೆ, ಪ್ರೀತಿಯಿಂದ ಕೊಡುತ್ತಿದ್ದಾರೆ ಎಂದು ಕಸಿಗೆ ಅನುಮತಿ ಕೊಡುವ ಅಧಿಕಾರ ಪಡೆದ ಸಮಿತಿಗೆ ಮನವರಿಕೆ ಮಾಡಿಕೊಟ್ಟು ಒಪ್ಪಿಗೆ ಪಡೆಯಲು ಅವಕಾಶ ಇದೆ. ಆದರೆ ಪಡೆಯುವವರು ವಿದೇಶಿ ಪ್ರಜೆ, ಕೊಡುವವರು ಭಾರತೀಯರು ಆಗಿದ್ದರೆ ಹತ್ತಿರದ ಸಂಬಂಧಿ ಬಿಟ್ಟು ಬೇರೆ ಯಾರಿಗೂ ಸಮಿತಿ ಒಪ್ಪಿಗೆ ಕೊಡುವಂತಿಲ್ಲ. ಅಮೆರಿಕದ ಪ್ರಜೆಯಾದ ತಮ್ಮನಿಗೆ ಹಾಸನದಲ್ಲಿರುವ ಒಡಹುಟ್ಟಿದ ಅಕ್ಕ ಕೊಡಬಹುದು. ಅದೇ ಹಾಸನದ ದೊಡ್ಡಪ್ಪನ ಮಗಳು ಎಷ್ಟೇ ಅಕ್ಕರೆಯಿಂದ ಮುಂದೆ ಬಂದರೂ ಆಗುವುದಿಲ್ಲ. ಟಿಕೆಟ್ ತೆಗೆಸಿ, ರಜೆ ಹಾಕಿ, ಇಲ್ಲಿಗೆ ಬಂದ ಮೇಲೆ ಇದು ಗೊತ್ತಾದರೆ ಎಷ್ಟು ಸಂಕಟ!

ಹತ್ತಿರದ ಸಂಬಂಧಿಯೇ ಆದರೂ, ಇಬ್ಬರಲ್ಲಿ ಒಬ್ಬರು ವಿದೇಶಿ ಪ್ರಜೆಯಾದರೆ ಸಮಿತಿಯ ಮುಂಗಡ ಒಪ್ಪಿಗೆ ಬೇಕೇ ಬೇಕು. ಸಂಬಂಧ ನಿಜ ಎಂದು ರಾಯಭಾರ ಕಚೇರಿಯ ಪತ್ರ ಬೇಕು. ಸಂದರ್ಶನ ಇರುತ್ತದೆ, ಅದನ್ನು ವಿಡಿಯೊ ಮಾಡುತ್ತಾರೆ. ಅನುಮಾನ ಬಂದರೆ ಡಿಎನ್‌ಎ ಪರೀಕ್ಷೆಯನ್ನೂ ಕೇಳಬಹುದು. ಹಳೆಯ ರೇಷನ್ ಕಾರ್ಡ್, ಶಾಲೆಯ ಟಿಸಿ, ಮದುವೆಯ ಫೋಟೊ ಎಲ್ಲವೂ ಆಗ ಉಪಯೋಗಕ್ಕೆ ಬರುತ್ತವೆ. ಒಂದು ದಾಖಲೆಯಲ್ಲಿ ಅಪ್ಪನ ಹೆಸರಿನ ಮುಂದೆ ಊರಿನ ಹೆಸರು, ಇನ್ನೊಂದರಲ್ಲಿ ಬರೀ ಇನಿಷಿಯಲ್ ಇರುವುದು ನಮ್ಮಲ್ಲಿ ಮಾಮೂಲು. ಅದನ್ನು ಬರುವ ಮೊದಲೇ ಸರಿ ಮಾಡಿಸಿಕೊಳ್ಳಿ.

ಮೆದುಳು ನಿಷ್ಕ್ರಿಯವಾದವರ ಅಂಗಕ್ಕಾಗಿ ಇಲ್ಲಿ ಕಾಯುವುದಾದರೆ, ಸರದಿಯಲ್ಲಿ ಮೊದಲು ಭಾರತೀಯರು, ನಂತರ ಭಾರತೀಯ ಮೂಲದವರು, ಕೊನೆಗೆ ಉಳಿದ ವಿದೇಶಿಯರು.

## ಎಲ್ಲವೂ ಸೇರಿದ "ಪ್ಯಾಕೇಜ್"

ಯಾರಾದರೂ "ದಾನಿಯನ್ನು ನಾವೇ ವ್ಯವಸ್ಥೆ ಮಾಡುತ್ತೇವೆ, ನೀವು ಬಂದರೆ ಸಾಕು" ಎಂದರೆ ಅಲ್ಲೇ ನಿಲ್ಲಿ. ಆ ದಾನಿ ಸಾಲದಲ್ಲಿ ಮುಳುಗಿದ ಯಾರೋ ಬಡವರು. 2024ರಲ್ಲಿ ಕೇರಳ ಪೊಲೀಸರು ಕೊಚ್ಚಿ ವಿಮಾನ ನಿಲ್ದಾಣದಲ್ಲಿ ಬಯಲಿಗೆಳೆದ ಪ್ರಕರಣದಲ್ಲಿ, ನಮ್ಮ ದೇಶದ ಬಡವರನ್ನು ಕಿಡ್ನಿಗಾಗಿ ಇರಾನ್‌ಗೆ ಸಾಗಿಸುತ್ತಿದ್ದರು ಎಂಬ ಆರೋಪ ಇದೆ.

ಪಡೆದವರಿಗಾದರೂ ಇದರಿಂದ ಒಳ್ಳೆಯದಾಯಿತಾ? 1990ರಲ್ಲಿ ದಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಒಂದು ವರದಿ ಬಂತು. 1980ರ ದಶಕದಲ್ಲಿ ಯುಎಇ ಮತ್ತು ಒಮಾನ್‌ನಿಂದ ಮುಂಬೈಗೆ ಬಂದು ಕಿಡ್ನಿ ಕೊಂಡು ಕಸಿ ಮಾಡಿಸಿಕೊಂಡ 130 ಜನರ ಕತೆ ಅದು. ಒಂದು ವರ್ಷದೊಳಗೆ ಹತ್ತಿರಹತ್ತಿರ ಐದರಲ್ಲಿ ಒಬ್ಬರು ತೀರಿಕೊಂಡಿದ್ದರು. ಕೆಲವರಿಗೆ ಎಚ್‌ಐವಿ ಅಂಟಿತ್ತು. ಊರಿಗೆ ಹಿಂತಿರುಗಿದವರ ಕೈಯಲ್ಲಿ ಸರಿಯಾದ ಕಾಗದಪತ್ರವೂ ಇರುತ್ತಿರಲಿಲ್ಲ. ಗುಟ್ಟಾಗಿ ನಡೆಯುವ ಕೆಲಸದಲ್ಲಿ ದಾನಿಯ ಆರೋಗ್ಯವನ್ನು ನೋಡುವವರು ಯಾರು? ಅವಸರ ಒಂದೇ ಅಲ್ಲಿ ನಡೆಯುವುದು.

ಭಾರತದ 1994ರ ಕಾಯ್ದೆ ಹುಟ್ಟಿದ್ದೇ ಇಂಥ ದಂಧೆಯನ್ನು ತಡೆಯಲು. ಅಂಗದ ವ್ಯಾಪಾರಕ್ಕೆ ಈಗ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ. ಹಣ ಕೊಟ್ಟವರೂ ಇದರಲ್ಲಿ ಸಿಕ್ಕಿಬೀಳುತ್ತಾರೆ. 2008ರಲ್ಲಿ ಇಸ್ತಾಂಬುಲ್‌ನಲ್ಲಿ ಹಲವು ದೇಶಗಳ ಕಸಿ ತಜ್ಞರು ಸೇರಿ ಅಂಗ ವ್ಯಾಪಾರದ ವಿರುದ್ಧ ಘೋಷಣೆ ಹೊರಡಿಸಿದರು. ಪಾಕಿಸ್ತಾನ, ಫಿಲಿಪ್ಪೀನ್ಸ್ ಕೂಡ ಅದೇ ವರ್ಷಗಳಲ್ಲಿ ಈ ಬಾಗಿಲು ಮುಚ್ಚಲು ಕಾನೂನು ತಂದವು. ಹಾಗಾಗಿ "ಇಂಥ ದೇಶದಲ್ಲಿ ಇದು ನಡೆಯುತ್ತೆ" ಅನ್ನುವ ಮಾತು ಹೆಚ್ಚಿನ ಸಲ ಹಳೆಯ ಸುದ್ದಿ, ಇಲ್ಲವೇ ಅಪರಾಧ.

## ಆಪರೇಷನ್ ಆದ ಮೇಲಿನ ಬದುಕು

ಹೊಸ ಕಿಡ್ನಿ ಕೆಲಸ ಮಾಡುವವರೆಗೂ ಮಾತ್ರೆ ಬೇಕು. ಹೆಚ್ಚಿನವರಿಗೆ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ಸ್ವಲ್ಪ ಸ್ಟೀರಾಯ್ಡ್. ಟ್ಯಾಕ್ರೊಲಿಮಸ್ ರಕ್ತದಲ್ಲಿ ಕಡಿಮೆಯಾದರೆ ರಿಜೆಕ್ಷನ್, ಜಾಸ್ತಿಯಾದರೆ ಕಿಡ್ನಿಗೇ ಪೆಟ್ಟು. ಅದಕ್ಕೇ ಮತ್ತೆ ಮತ್ತೆ "ಲೆವೆಲ್" ನೋಡುತ್ತಾರೆ. ನಮ್ಮ ದೇವನಹಳ್ಳಿ ಚಕ್ಕೋತ ಇದೆಯಲ್ಲ, ಅದು ಈ ಲೆವೆಲ್ ಅನ್ನು ಏರಿಸಬಲ್ಲದು. ಕಸಿಯಾದವರು ಅದನ್ನು ಬಿಡಬೇಕು. ಕಷಾಯ, ಗಿಡಮೂಲಿಕೆ, ನಾಟಿ ಔಷಧಿಗಳನ್ನೂ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು.

ಮಂಪರಿನಲ್ಲಿರುವ ನಾಯಿ ನೆಂಟರನ್ನು ಬಿಟ್ಟ ಹಾಗೆ ಕಳ್ಳರನ್ನೂ ಬಿಡುತ್ತದೆ. ಸೋಂಕು ಸುಲಭವಾಗಿ ಬರುತ್ತದೆ. ನಮ್ಮ ಕಡೆ ಕ್ಷಯದ ಭಯ ಜಾಸ್ತಿ. ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಎರಡು ದಿನ ನೋಡುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ದಡಾರದಂಥ ಜೀವಂತ ವೈರಸ್ ಇರುವ ಲಸಿಕೆಗಳನ್ನು ಕಸಿಯ ನಂತರ ಕೊಡುವಂತಿಲ್ಲ. ಬೇಕಿದ್ದರೆ ಮೊದಲೇ ಹಾಕಿಸಬೇಕು.

ಮೊದಲ ಮೂರು ತಿಂಗಳು ಆಸ್ಪತ್ರೆಯ ಹತ್ತಿರವೇ ಮನೆ ಮಾಡಿಕೊಂಡಿರಬೇಕಾಗುತ್ತದೆ. ಶುರುವಿನಲ್ಲಿ ವಾರಕ್ಕೆ ಎರಡು ಸಲ ರಕ್ತ ಪರೀಕ್ಷೆ ಇರಬಹುದು. ಹೊರದೇಶದಲ್ಲಿ ಮಾಡಿಸುವವರು ಆ ಮೂರು ತಿಂಗಳ ಬಾಡಿಗೆ, ವೀಸಾ, ದಾನಿಯ ಊಟ ತಿಂಡಿ, ಜೊತೆಗಿರುವವರ ರಜೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದಕ್ಕಿಂತ ಮುಖ್ಯವಾಗಿ, ಹಿಂತಿರುಗಿದ ಮೇಲೆ ನೋಡಿಕೊಳ್ಳುವ ಕಿಡ್ನಿ ಡಾಕ್ಟರನ್ನು ಹೋಗುವ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಆಪರೇಷನ್ನಿನ ಪೂರ್ತಿ ಟಿಪ್ಪಣಿ, ದಾನಿಯ ಸೋಂಕು ಪರೀಕ್ಷೆಗಳು, ಕ್ರಾಸ್‌ಮ್ಯಾಚ್ ವರದಿ, ಕೊಟ್ಟ ಔಷಧಿಗಳ ಪ್ರಮಾಣ ಎಲ್ಲದರ ಪ್ರತಿ ಕೈಯಲ್ಲಿರಬೇಕು. ಅದೇ ಬ್ರಾಂಡಿನ ಟ್ಯಾಕ್ರೊಲಿಮಸ್ ನಿಮ್ಮ ಊರಿನಲ್ಲಿ ಸಿಗುತ್ತದಾ ಎಂದೂ ವಿಚಾರಿಸಿ. ಡಾಕ್ಟರ್ ಹೇಳದೆ ಬ್ರಾಂಡ್ ಬದಲಿಸಬಾರದು.

ಮನೆಯ ದಾನಿಯಿಂದ ಬಂದ ಕಿಡ್ನಿ ಸಾಮಾನ್ಯವಾಗಿ 15ರಿಂದ 20 ವರ್ಷ ನಡೆಯುತ್ತದೆ. ಇನ್ನೂ ಹೆಚ್ಚು ನಡೆದದ್ದೂ ಇದೆ. ಟ್ಯಾಕ್ರೊಲಿಮಸ್ ಅನ್ನು ಹೆಚ್ಚಿನವರು ಹನ್ನೆರಡು ಗಂಟೆಗೊಮ್ಮೆ ನುಂಗುತ್ತಾರೆ. ವಿಮಾನದಲ್ಲಿ ಹೋಗುವಾಗ ಗಡಿಯಾರ ಬದಲಾಗುತ್ತದೆ. ದುಬೈಗೆ ಒಂದೂವರೆ ಗಂಟೆ ವ್ಯತ್ಯಾಸವಾದರೆ ಅಮೆರಿಕಕ್ಕೆ ಹಗಲು ರಾತ್ರಿಯ ವ್ಯತ್ಯಾಸ. ಯಾವ ಹೊತ್ತಿಗೆ ಮಾತ್ರೆ ನುಂಗಬೇಕು ಎಂದು ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಆ ಚೀಟಿಯನ್ನೂ ಮಾತ್ರೆಗಳನ್ನೂ ಚೆಕ್-ಇನ್ ಮಾಡುವ ದೊಡ್ಡ ಬ್ಯಾಗಿನಲ್ಲಿ ಹಾಕಬೇಡಿ. ಕೈಚೀಲದಲ್ಲೇ ಇಟ್ಟುಕೊಳ್ಳಿ, ಬೇಕಾದದ್ದಕ್ಕಿಂತ ಎರಡು ವಾರದಷ್ಟು ಜಾಸ್ತಿ.